ಹಡಗು ಬರೋವರೆಗೂ

ಗೋಥೆನ್‌ಬರ್ಗಿನ ಟ್ರಾಮಿನಲ್ಲಿ ಹಿಂದಿನ ಸೀಟಿನಿಂದ ಕನ್ನಡ ಕೇಳಿಸಿದ್ದೇ ತಡ, ಪ್ರಫುಲ್ಲಾ ಇಯರ್‌ಫೋನಿನ ಹಾಡು ನಿಲ್ಲಿಸಿ ಕಿವಿಗೊಟ್ಟಳು. ಕದ್ದು ಕೇಳೋದು ತಪ್ಪೇ, ಆದರೆ ಬಿಡೋಕಾಗುತ್ತಾ? ಮಗಳು ಇಲ್ಲಿ ಬ್ರಿಟಿಷ್ ವಸಾಹತುಗಳ ಕೋರ್ಟುಗಳ ಬಗ್ಗೆ ಪಿಎಚ್‌ಡಿ ಮಾಡ್ತಿದ್ದಾಳೆ, ಊರಿಂದ ಬಂದಿರೋ ಅಪ್ಪ ನಿವೃತ್ತ ಜಡ್ಜು ಅನ್ನೋದು ಮಾತಲ್ಲೇ ತಿಳಿಯಿತು.

“ಹಾಗಾದ್ರೆ ಆಗಿನ ವಸಾಹತುಗಳಲ್ಲಿ ಜಡ್ಜನ್ನ ಗವರ್ನರೇ ಸಸ್ಪೆಂಡ್ ಮಾಡಬಹುದಿತ್ತಾ?” ಅಪ್ಪ ಕೇಳಿದರು.

“ಹೌದಪ್ಪ. ಕೊನೇ ತೀರ್ಮಾನ ಮಾತ್ರ ಲಂಡನ್ನಿಂದು. ಹಡಗಲ್ಲಿ ಉತ್ತರ ಬರೋವರೆಗೂ ಜಡ್ಜು ಮನೇಲೇ.”

“ಏನು ತಪ್ಪು ಮಾಡಿರ್ತಿದ್ರು?”

“ಒಬ್ಬ ಕುಡಿದು ಪೀಠದಲ್ಲಿ ಕೂತಿದ್ದ. ಇನ್ನೊಬ್ಬ, ಗವರ್ನರನ ಸ್ನೇಹಿತನ ವಿರುದ್ಧ ತೀರ್ಪು ಕೊಟ್ಟಿದ್ದ.”

“ಎರಡನೆಯವನು ಮನೇಲಿ ಚೆನ್ನಾಗಿ ನಿದ್ದೆ ಮಾಡಿರ್ತಾನೆ ಬಿಡು.”

“ಅವಮಾನ ಆಗಿರಲ್ವಾ? ದಿನವೆಲ್ಲ ಏನು ಮಾಡಿರ್ತಾನೆ, ಪಾಪ!”

ಅಪ್ಪ ನಕ್ಕರು.

“ನೀನು ಸೈಕಲ್ ಕಲಿಯುವಾಗ ಸೀಟು ಹಿಡ್ಕೊಂಡು ಹಿಂದೆ ಓಡ್ತಿದ್ದೋರು ಯಾರು?”

“ನೀವೇ. ದಿನಾ ಬೆಳಿಗ್ಗೆ, ಹನ್ನೆರಡು ಗಂಟೆವರೆಗೂ.”

“ಕೋರ್ಟು ಬಿಟ್ಟು ಜಡ್ಜಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬಂತು?”

ಟ್ರಾಮ್ ನಿಂತಿತು. ಮಗಳು ಎದ್ದು ಅಪ್ಪನ ಕೈ ಹಿಡಿದಳು.

“ಅಪ್ಪಾ! ನೀವು ಮೊದಲನೆಯವರಾ, ಎರಡನೆಯವರಾ?”

“ನಿದ್ದೆ ಚೆನ್ನಾಗೇ ಬರ್ತಿತ್ತು, ಪುಟ್ಟಿ,” ಅಂದರು ಅಪ್ಪ, ಇಳಿಯುತ್ತಾ.