ಜಳಕವಿಲ್ಲದ ಚಿಕಿತ್ಸೆ

ಅಣ್ಣಿಗೇರಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಅಕ್ಕತಂಗಿಯರಿಬ್ಬರು ಕುಳಿತಿದ್ದರು. ಅಕ್ಕನ ಎದೆಯ ಕ್ಯಾನ್ಸರ್ ಗಡ್ಡೆಯನ್ನು ಕೊಯ್ದು ತೆಗೆದಿದ್ದರಂತೆ. ಇನ್ನು ಹುಬ್ಬಳ್ಳಿಯಲ್ಲಿ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಇಡಿಸಿಕೊಳ್ಳಬೇಕಿತ್ತು.

“ಯಕ್ಕಾ, ಏಳು ಬೇ, ಹುಬ್ಬಳ್ಳಿ ಬಸ್ ಬಂತು.”

“ನಾ ಒಲ್ಲೆ. ಎದಿಮ್ಯಾಲೆ ಶಾಯಿಲೆ ಗೆರಿ ಹೊಡೀತಾರ. ಅವು ಅಳಸಬಾರದಂತ, ಕರೆಂಟ್ ಮುಗಿಯೂತನಕಾ ಜಳಕಾ ಇಲ್ಲ.”

“ಒದ್ದಿ ಅರಬೀಲೆ ಒರಸ್ಕೊಂಡ್ರಾತು.”

“ಜಳಕಾ ಇಲ್ಲದ ಲಿಂಗಪೂಜಿ ಹೆಂಗ ಮಾಡ್ಲಿ? ಪೂಜಿ ಇಲ್ಲದ ಊಟ ಹೆಂಗ ಮಾಡ್ಲಿ?”

“ವಿಭೂತಿ ಹಚ್ಕೊಂಡ್ರ ಸಾಕಂತ ಮಠದ ಅಜ್ಜಾರ ಹೇಳ್ಯಾರಲ್ಲ!”

“ಅವರು ದಿನಾ ಎರಡು ಸಲ ಜಳಕಾ ಮಾಡಿ ಹೇಳ್ತಾರ.”

“ಗಡ್ಡಿ ಮತ್ತ ಬಂದ್ರ?”

“ಬರ್ಲಿ. ಮಡೀಲೆ ಸಾಯ್ತೀನಿ.”

“ಸತ್ತಮ್ಯಾಲೆ ಮಂದಿ ಕೂಡಿ ನಾವ ಜಳಕಾ ಮಾಡಸ್ತೀವಿ, ಅವಸರ ಯಾಕ?”

ಅಕ್ಕ ನಕ್ಕಳು. ಹುಬ್ಬಳ್ಳಿ ಬಸ್ಸು ಹೋಯಿತು. ಅವರ ಊರಿಗೆ ಹೋಗುವ ಶಲವಡಿ ಬಸ್ಸು ಬಂದಾಗ, ಬಾಗಿಲ ಸರಳು ಹಿಡಿಯಲು ಅವಳ ಕೊಯ್ದ ಕಡೆಯ ಎಡಗೈ ಮೇಲೇಳಲಿಲ್ಲ. ತಂಗಿ ಬೈಯುತ್ತಲೇ ಸೊಂಟ ಹಿಡಿದು ಹತ್ತಿಸಿದಳು.