ಹೊಲಿಗೆ ಡಬ್ಬಿಯಲ್ಲಿದ್ದ ಸ್ಟ್ರೈಕರ್

ಇಂದು ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಆಸ್ಪತ್ರೆಯಿಂದ ಮನೆಗೆ ಹೊರಟವರು. ಆತ ಕುಡಿತ ಬಿಟ್ಟು ಇನ್ನೂ ವಾರವಾಗಿಲ್ಲವೆಂದು ಮಾತಿನಲ್ಲೇ ತಿಳಿಯಿತು. ನಾನು ಕಿಟಕಿಯ ಕಡೆ ಮುಖ ಮಾಡಿದ್ದೆ. ಕಿವಿ ಮಾತ್ರ ಅಲ್ಲೇ ಇತ್ತು.

“ಹಗಲು ಹೇಗೋ ಕಳೆಯುತ್ತೆ ಕಣೇ. ಸಂಜೆ ಆಯ್ತು ಅಂದ್ರೆ ಕೂರಕ್ಕಾಗಲ್ಲ, ನಿಲ್ಲಕ್ಕಾಗಲ್ಲ. ಈ ಕುಡಿತ ಹತ್ತೋಕೆ ಮುಂಚೆ ಸಂಜೆ ಹೊತ್ತು ನಾನೇನ್ ಮಾಡ್ತಿದ್ದೆ?”

“ಮರೆತೇಬಿಟ್ರಾ? ನನ್ನ ಜೊತೆ ಕೇರಂ ಆಡ್ತಿದ್ರಿ. ಸೋತು, ಮುಖ ಊದಿಸ್ಕೊಂಡು ಊಟಕ್ಕೆ ಕೂರ್ತಿದ್ರಿ.”

“ನೀನು ಮೋಸ ಮಾಡ್ತಿದ್ದೆ. ಕೆಂಪು ಕಾಯಿನ ಮೊಣಕೈಯಲ್ಲಿ ತಳ್ತಿದ್ದೆ.”

“ಅಬ್ಬಾ, ಅದೊಂದು ಮಾತ್ರ ಚೆನ್ನಾಗಿ ನೆನಪಿದೆ!”

“ಬೋರ್ಡ್ ಈಗ ಎಲ್ಲಿದೆ?”

“ಮಂಚದ ಕೆಳಗೆ. ಸ್ಟ್ರೈಕರ್ ನನ್ನ ಹೊಲಿಗೆ ಡಬ್ಬೀಲಿದೆ.”

“ಇಷ್ಟು ವರ್ಷ ಇಟ್ಕೊಂಡಿದ್ದೀಯಾ?”

“ಬಿಸಾಕೋಕೆ ಮನಸ್ಸು ಬರ್ಲಿಲ್ಲ.”

ಬಸ್ಸು ನಿಂತಿತು. ಆತ ಎದ್ದರು.

“ಏನ್ರೀ, ನಮ್ಮ ಸ್ಟಾಪ್ ಮುಂದಿನದು.”

“ಅಲ್ಲಿ ಬಾರ್ ಎದುರಿಗೇ ಇಳೀಬೇಕು. ಇಲ್ಲಿಂದ ಹಿಂದಿನ ಬೀದೀಲಿ ನಡ್ಕೊಂಡು ಹೋಗೋಣ ಬಾ.”

ಆಕೆ ಚೀಲ ಎತ್ತಿಕೊಂಡು ಹಿಂದೆಯೇ ಇಳಿದರು. ಕಿಟಕಿಯ ಕೆಳಗಿನಿಂದ ಆತನ ದನಿ ಕೇಳಿಸಿತು.

“ಬೋರ್ಡಿಗೆ ಪೌಡರ್ ಬೇಕಲ್ಲೇ?”

“ನನ್ನ ಮುಖದ ಪೌಡರ್ ಸಾಕು, ನಡೀರಿ.”