ಮೂವತ್ತನೆಯ ಹೆಬ್ಬೆಟ್ಟು

ದೀಪ ಸಣ್ಣಗೆ ಮಾಡಿ. ನಗುವವರು ಈಗಲೇ ಎದ್ದು ಹೋಗಿ, ಆಮೇಲೆ ಒಬ್ಬರೇ ಹೋಗುವುದು ಕಷ್ಟ. ಇದು ನಮ್ಮ ಪಕ್ಕದ ಮನೆಯ ಸತ್ತಾರ್ ಸಾಬರ ಮಗ ಸಲಾವುದ್ದೀನನಿಗೆ ಆದದ್ದು. ಎಂಬತ್ತೊಂದರ ಬೇಸಿಗೆ.

ಅವನಾಗ ಹೈದರಾಬಾದಿನಲ್ಲಿ ಮನಸ್ಸಿನ ಕಾಯಿಲೆಯ ದೊಡ್ಡ ಓದು ಓದುತ್ತಿದ್ದ. ಡಾಕ್ಟರಾದ ಮೇಲೂ ಮತ್ತೆ ಮೂರು ವರ್ಷ. ಅಂದು ಎರಡು ದಿನಕ್ಕೆಂದು ಊರಿಗೆ ಹೊರಟಿದ್ದ. ರೈಲು ತಡವಾಗಿ, ರಾಯಚೂರಿನಿಂದ ಹೊರಟ ಕೊನೆಯ ಬಸ್ಸು ಅವನನ್ನು ನಮ್ಮೂರು ಮಲ್ಲಟದ ಕ್ರಾಸಿನಲ್ಲಿ ಇಳಿಸಿದಾಗ ಹನ್ನೊಂದು ದಾಟಿತ್ತು. ಬಗಲಲ್ಲಿ ಚೀಲ, ಚೀಲದಲ್ಲಿ ಪ್ರಬಂಧ. ಸೋಮವಾರ ಒಪ್ಪಿಸಿದರೆ ಪರೀಕ್ಷೆ. ಇಲ್ಲದಿದ್ದರೆ ಒಂದು ವರ್ಷ ನೀರುಪಾಲು.

ಪ್ರಬಂಧಕ್ಕೆ ಹಳ್ಳಿಯ ಮೂವತ್ತು ಹೆಂಗಸರು ಬೇಕಿತ್ತು. ಒಬ್ಬೊಬ್ಬರನ್ನೂ ಕೂರಿಸಿ ಪ್ರಶ್ನೆ ಕೇಳಿ, ಔಷಧಿ ಕೊಟ್ಟು, ಆರು ತಿಂಗಳ ಮೇಲೆ ಮನೆಗೇ ಹೋಗಿ ನೋಡಿ, ಹಾಳೆಯ ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಿಸಬೇಕು. ಇಪ್ಪತ್ತೊಂಬತ್ತು ಮಂದಿ ಸಿಕ್ಕರು. ಕಡೆಯವಳಿಗಾಗಿ ಹಿಂದೊಮ್ಮೆ ಸ್ವಂತ ಊರಿಗೆ ಬಂದರೆ ಊರ ಹಿರಿಯ ಸಿದ್ದರಾಮಪ್ಪ ಗೌಡರು ತಮ್ಮ ಮನೆ ಬಾಗಿಲಲ್ಲೇ ತಡೆದರು. "ನಮ್ಮ ಹೆಣ್ಮಕ್ಕಳ ಹೆಸ್ರು ನಿನ್ನ ಹುಚ್ಚರ ಬುಕ್ಕಿನಾಗ ಬರಿಯಾಕ ಬಂದೀಯೇನಲೇ? ನಡಿ." ಅವರನ್ನು ನೋಡಿ ಊರೆಲ್ಲ ಕದ ಹಾಕಿತು. ಇವನಿಗೆ ಸಿಟ್ಟು ನೆತ್ತಿಗೇರಿತು. ಹಾಸ್ಟೆಲ್ಲಿಗೆ ಹೋದವನೇ ಒಬ್ಬಳನ್ನು ಕಟ್ಟಿ ಬರೆದ. ಬಂಡೆಮ್ಮ, ಇಪ್ಪತ್ತಾರು ವರ್ಷ, ಮಲ್ಲಟ. ಯಾರೂ ಇಲ್ಲದಾಗ ಊರ ಬಾವಿಯಿಂದ ದನಿ ಕೇಳುತ್ತದೆ. ಆರು ತಿಂಗಳಿಗೆ ಪೂರ್ತಿ ಗುಣ. ಕೆಳಗೆ ಹೆಬ್ಬೆಟ್ಟು... ಅವನದೇ.

ಓದಿದವರ ಕಳ್ಳತನಕ್ಕೆ ಕನ್ನ ಕೊರೆಯಬೇಕಾಗಿಲ್ಲ ನೋಡಿ.

ಆ ರಾತ್ರಿ ಕ್ರಾಸಿನಿಂದ ನಡೆದು ಬರುತ್ತಿದ್ದಂತೆ ಊರ ಬಾವಿ ಬಂತು. ಪಕ್ಕದಲ್ಲಿ ಆಲದ ಮರ. ಎಲೆ ಅಲುಗುತ್ತಿಲ್ಲ...

ಕಿರ್ರ್... ಕಿರ್ರ್...

ರಾಟೆ ತಿರುಗುವ ಸದ್ದು. ಆಮೇಲೆ ಕೆಳಗೆ, ಬಹಳ ಆಳದಲ್ಲಿ, ದುಬುಕ್. ಆ ಬಾವಿ ಬತ್ತಿ ನಾಲ್ಕು ವರ್ಷವಾಗಿತ್ತು. ರಾಟೆ ಬಿಚ್ಚಿದ್ದೂ ಆವಾಗಲೇ.

"ಡಾಕ್ಟರ್ ಸಾಬ್ರ..."

ಕಟ್ಟೆಯ ಮೇಲೆ ಯಾರೋ ಕೂತಿದ್ದರು. ತಲೆತುಂಬ ಸೆರಗು. ಚೀಲವನ್ನು ಎದೆಗೆ ಅವಚಿಕೊಂಡು ನಿಂತ.

"ನಿಮ್ಮ ಹೆಸರೇನ್ರಿ?" ಪಿಸುದನಿ.

"ಸ... ಸಲಾವುದ್ದೀನ."

"ಇದು ಯಾವೂರು?"

"ಮಲ್ಲಟ."

"ಇವತ್ತು ಯಾವ ವಾರ?"

ಇವು ಅವನು ಪ್ರತಿ ರೋಗಿಗೂ ಕೇಳುವ ಪ್ರಶ್ನೆಗಳು. ಅದೇ ಸಾಲು, ಅದೇ ನಿಧಾನ.

"ಶುಕ್ರವಾರ."

"ಯಾರೂ ಇಲ್ಲದಾಗ ದನಿ ಕೇಳ್ತಾವೇನು?"

"ಇ... ಇಲ್ಲ."

"ಸುಳ್ಳು ಹೇಳಬ್ಯಾಡ." ಮರ್ಯಾದೆ ಅಲ್ಲಿಗೆ ಮುಗಿಯಿತು. "ಆರು ತಿಂಗಳಿಗೆ ಬಂದು ನೋಡೀನಂತ ಬರದಿ. ಬಂದಿದ್ದೇನು? ಗುಣ ಆಗ್ಯಾದಂತ ಬರದಿ. ನನಗ ಗುಣ ಆಗಿಲ್ಲ."

"ನೀ... ನೀ ಇಲ್ಲವ್ವ. ನಿನ್ನ ನಾನ ಬರದೀನಿ."

"ಹೂಂ. ಬರದು, ಇಲ್ಲಿ ಕುಂದ್ರಿಸಿ ಹೋದಿ." ಚಿಟ್... ಚಿಟ್... ಸೆರಗಿನ ಅಂಚಿನಿಂದ ನೀರು ಕಲ್ಲಿಗೆ ಬೀಳುತ್ತಿತ್ತು. "ಕೈ ಕೊಡು."

"ಯಾಕ?"

"ಹೆಬ್ಬಟ್ಟು ನಂದಂತ ಬರದೀಯಲ್ಲ. ನಂದು ನನಗ ಕೊಡು."

ಎಡಗೈ ಹೆಬ್ಬೆರಳನ್ನು ತಣ್ಣನೆಯದೇನೋ ಹಿಡಿಯಿತು. ಎಳೆಯಲಿಲ್ಲ, ಹಿಂಡಲಿಲ್ಲ. ಸುಮ್ಮನೆ... ಒರೆಸಿತು.

ಹೇಗೆ ಮನೆ ಮುಟ್ಟಿದನೋ ಅವನಿಗೇ ಗೊತ್ತಿಲ್ಲ. ಅವನ ತಾಯಿ ಕುಬ್ರಾ ಬೇಗಂ ಬಾಗಿಲು ತೆರೆದು "ಕ್ಯಾ ಹುವಾ ಬೇಟಾ?" ಎಂದು ಗಲ್ಲ ಹಿಡಿದರೆ ಬಿಡಿಸಿಕೊಂಡು ಒಳಗೆ ನಡೆದ. ಕಂದೀಲಿನ ಮುಂದೆ ಕೂತು ಮೂವತ್ತನೆಯ ಹಾಳೆ ತೆಗೆದ. ಬರಹವೆಲ್ಲ ಇತ್ತು. ಹೆಬ್ಬೆಟ್ಟಿನ ಜಾಗ ಖಾಲಿ. ಅಳಿಸಿದ ಗುರುತೂ ಇಲ್ಲ, ಬೆಳ್ಳಗಿತ್ತು.

ಆದರೂ ಸೋಮವಾರದ ಆಸೆ ಬಿಡಬೇಕಲ್ಲ! ಬೆಳಗ್ಗೆ ಶಾಯಿ ಹಚ್ಚಿ ಅದೇ ಹೆಬ್ಬೆಟ್ಟು ಮತ್ತೆ ಒತ್ತಿದ. ಬರೀ ಕರಿ ಮಚ್ಚೆ ಬಿತ್ತು. ಬಲಗೈಯದು ಒತ್ತಲು ಅವನಿಗೆ ಧೈರ್ಯ ಬರಲಿಲ್ಲ. ಹಾಳೆ ಹರಿದು ಒಲೆಗೆ ಹಾಕಿದ. ಇಪ್ಪತ್ತೊಂಬತ್ತಕ್ಕೆ ಗುರುಗಳು ಸಹಿ ಹಾಕಲಿಲ್ಲ, ವರ್ಷ ಹೋಯಿತು.

ಆ ಹೆಸರಿನವರು ಯಾರಾದರೂ ಬಾವಿಗೆ ಬಿದ್ದಿದ್ದರೇ ಎಂದು ಕೇಳಬೇಡಿ. ನಾನೇ ಮನೆಮನೆ ವಿಚಾರಿಸಿದ್ದೇನೆ. ಬಂಡೆಮ್ಮ ಎಂಬವಳು ಮಲ್ಲಟದಲ್ಲಿ ಎಂದೂ ಇರಲೇ ಇಲ್ಲ.

ಹೋದ ವರ್ಷ ದೇವದುರ್ಗದಲ್ಲಿ ಸಲಾವುದ್ದೀನನ ಹೊಲದ ಪತ್ರ ರಿಜಿಸ್ಟರ್ ಆಯಿತು. ಅಲ್ಲಿ ಓದಿದವರೂ ಹೆಬ್ಬೆಟ್ಟು ಒತ್ತಲೇಬೇಕು. ಸಾಕ್ಷಿಗೆ ಹೋದವನು ನಾನು, ಪಕ್ಕದಲ್ಲೇ ನಿಂತಿದ್ದೆ. ಗುಮಾಸ್ತ ಅವನ ಎಡಗೈ ಹೆಬ್ಬೆರಳನ್ನು ಮೂರು ಸಲ ಒರೆಸಿ, ಮೂರು ಸಲ ಒತ್ತಿಸಿದ. ಆಮೇಲೆ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ನಾನೂ ನೋಡಿದೆ, ಈ ಕಣ್ಣಾರೆ. ಅದರಲ್ಲಿ ಒಂದು ಗೆರೆಯೂ ಇರಲಿಲ್ಲ.